ಕರೆಂಟ್ ತೆಗೆದ ನೀರು

ನಮ್ಮ ಮಾವನವರ ಪ್ರಕಾರ ಭದ್ರಾ ನೀರಲ್ಲಿ ಸಾರ ಇಲ್ಲ.

ಇದನ್ನು ಮೊದಲು ಕೇಳಿದ್ದು ಮದುವೆಯಾದ ವರ್ಷ. ಗದ್ದೆ ಬದುವಿನ ಮೇಲೆ ಕೂತು ಖಾರ ಮಂಡಕ್ಕಿ ತಿನ್ನುತ್ತಿದ್ದೆವು. ಪಕ್ಕದವರ ಬೋರ್‌ವೆಲ್ ನೀರಿನ ಮಡಿ ಕಪ್ಪಗೆ ಹಸಿರಾಗಿತ್ತು. ನಮ್ಮದು ನಾಲೆ ನೀರು, ಪೈರು ಬಿಳಿಚಿಕೊಂಡಿತ್ತು. ಯಾಕೆ ಮಾವ ಅಂದೆ.

"ಲಕ್ಕವಳ್ಳಿ ಡ್ಯಾಮಿನಾಗೇ ಕರೆಂಟ್ ತೆಕ್ಕಂಬಿಡ್ತಾರಲ್ಲವ್ವಾ. ಇನ್ನೇನು ಉಳಿತೈತಿ? ಬೆಣ್ಣೆ ತೆಗೆದ ಮಜ್ಜಿಗೆ ಇದ್ದಂಗೆ ಇದು."

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ವಿಜ್ಞಾನದ ಟೀಚರ್. ನಗು ಉಕ್ಕಿ ಬಂತು. ಆದರೆ ಹೊಸ ಸೊಸೆ, ನಗೋ ಹಾಗಿಲ್ಲ. ಇನ್ನೊಂದು ಮುಷ್ಟಿ ಮಂಡಕ್ಕಿ ಬಾಯಿಗೆ ಹಾಕಿಕೊಂಡೆ. ಆ ಸಲ ಯೂರಿಯಾ ಸಿಗೋದು ತಡವಾಗಿತ್ತು, ಪೈರು ಬಿಳಿಚಿದ್ದು ಅದಕ್ಕೇ. ಆದರೆ ಮಾವನಿಗೆ ಯೂರಿಯಾಕ್ಕಿಂತ ಈ ಬೆಣ್ಣೆಯ ಲೆಕ್ಕವೇ ಇಷ್ಟ. ಅವರೊಬ್ಬರೇ ಅಲ್ಲ, ಆ ವಯಸ್ಸಿನ ಎಷ್ಟೋ ಜನ ಹೀಗೇ ಹೇಳುತ್ತಾರೆ. ಅರ್ಧ ತಮಾಷೆ, ಅರ್ಧ ನಂಬಿಕೆ.

ಗಂಡನ ಊರು ಮಲೇಬೆನ್ನೂರು ಕಡೆ. ಭದ್ರಾ ನಾಲೆಯ ಕೊನೆ ಭಾಗ. ಕೊನೆ ಭಾಗ ಅನ್ನೋದು ಈ ಕಡೆ ಬರೀ ಜಾಗದ ಹೆಸರಲ್ಲ, ಅದೊಂದು ಜಾತಿ ಇದ್ದ ಹಾಗೆ. ಹೆಣ್ಣು ಕೊಡುವವರೂ "ಮೇಲ್ಭಾಗನೋ ಕೊನೆ ಭಾಗನೋ" ಅಂತ ವಿಚಾರಿಸುತ್ತಾರೆ. ನಮ್ಮಪ್ಪಾಜಿಗೆ ಇದು ಗೊತ್ತಿರಲಿಲ್ಲ. "ಭದ್ರಾ ಅಚ್ಚುಕಟ್ಟು ಕಣಮ್ಮ, ನೀರಿಗೆ ಬರ ಇಲ್ಲ" ಅಂತ ಕೊಟ್ಟುಬಿಟ್ಟರು.

ಆ ಮನೆಯಲ್ಲಿ ನಾನು ಕಲಿತ ಮೊದಲ ಪಾಠ 186. ಭದ್ರಾ ಡ್ಯಾಂ ಪೂರ್ತಿ ತುಂಬಿದರೆ 186 ಅಡಿ, 71.5 ಟಿಎಂಸಿ. ಜುಲೈ ಬಂತು ಅಂದರೆ ಊರಲ್ಲಿ ಯಾರೇ ಎದುರಾದರೂ "ಎಷ್ಟಾತು?" ಅನ್ನುತ್ತಾರೆ. ಏನು ಎಷ್ಟಾಯಿತು ಅಂತ ಹೇಳೋದೇ ಇಲ್ಲ. ಉತ್ತರವೂ ಅಷ್ಟೇ ಚಿಕ್ಕದು, "ಅರವತ್ತೆರಡೂ ನಾಕು." ಮೊದಲ ನೂರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಮಾವ ದಿನಾ ಪೆನ್ಸಿಲಿನಲ್ಲಿ ಮಟ್ಟ, ಒಳಹರಿವು, ಹೊರಹರಿವು ಬರೆಯುತ್ತಾರೆ. ಅದೇ ಕ್ಯಾಲೆಂಡರಿನಲ್ಲಿ ಅತ್ತೆ ಹಾಲಿನ ಲೆಕ್ಕ ಬರೆಯುತ್ತಾರೆ. ಒಂದು ತಿಂಗಳು ಎರಡೂ ಕಲಸಿಹೋಗಿ, ಹಾಲಿನವನಿಗೆ 165 ಲೀಟರಿನ ದುಡ್ಡು ಕೊಡೋದರಲ್ಲಿದ್ದರು.

ನಾನು ಬಂದಿದ್ದು 130ರ ಊರಿಂದ. ಹಿರಿಯೂರು ತಾಲ್ಲೂಕು. ನಮ್ಮದು ವಾಣಿವಿಲಾಸ ಸಾಗರ, ತುಂಬಿದರೆ 130 ಅಡಿ. ಊರಿನವರ ಬಾಯಲ್ಲಿ ಮಾರಿಕಣಿವೆ, ಪೇಪರಿನವರ ಬಾಯಲ್ಲಿ ವಿವಿ ಸಾಗರ. ವೇದಾವತಿ ನದಿಗೆ ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಕಟ್ಟಿದ್ದು. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಸಿಮೆಂಟಿಲ್ಲ, ಕಲ್ಲು ಮತ್ತು ಸುಣ್ಣದ ಗಾರೆ. ಮೈಸೂರಿನ ರಾಜಮಾತೆಯ ಹೆಸರಿಟ್ಟರು. ಅದೇ ಹೊತ್ತಿಗೆ, 1902ರಲ್ಲಿ, ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿತ್ತು. ನಮ್ಮ ಡ್ಯಾಮಿಗೆ ಅಂಥ ಸಂಭ್ರಮ ಇರಲಿಲ್ಲ. ಬರದ ಸೀಮೆಯ ಹೊಲಕ್ಕೆ ನೀರು ಕೊಡೋದಷ್ಟೇ ಅದರ ಕೆಲಸ.

ಅದರ ಒಂದೇ ತೊಂದರೆ ಅಂದರೆ ತುಂಬುವುದಿಲ್ಲ. 30 ಟಿಎಂಸಿ ಹಿಡಿಯುವಷ್ಟು ದೊಡ್ಡ ಹೊಟ್ಟೆ, ಊಟ ಹಾಕೋದು ವೇದಾವತಿ. 1933ರಲ್ಲಿ 135 ಅಡಿ ದಾಟಿ ಕೋಡಿ ಬಿದ್ದಿತ್ತು. ನಮ್ಮ ತಾತ ಅದನ್ನು ಹುಡುಗನಾಗಿದ್ದಾಗ ನೋಡಿದ್ದರಂತೆ. ಅಪ್ಪಾಜಿ ನೋಡಿರಲಿಲ್ಲ. ನಾನು ನೋಡುತ್ತೇನೆ ಅಂದುಕೊಂಡಿರಲಿಲ್ಲ. 2017ರ ಸುಮಾರಿಗೆ ನೀರು ಡೆಡ್ ಸ್ಟೋರೇಜ್ ಹತ್ತಿರ, ಅಂದರೆ ನಾಲೆಗೆ ಬಿಡಲಾಗದ ತಳದ ಮಟ್ಟಕ್ಕೆ, ಇಳಿದಿತ್ತು. ಆ ವರ್ಷಗಳಲ್ಲಿ ಅಪ್ಪಾಜಿಯ ತೆಂಗಿನ ಮರಗಳ ಸುಳಿ ಬಾಗಿ, ಗರಿ ಒಂದೊಂದೇ ಕಳಚಿ, ಬರೀ ಕಂಬಗಳು ನಿಂತವು. ದೂರದಿಂದ ನೋಡಿದರೆ ಯಾರೋ ಲೈಟ್ ಕಂಬ ನೆಟ್ಟು ತಂತಿ ಎಳೆಯೋದು ಮರೆತ ಹಾಗಿತ್ತು. ಅಪ್ಪಾಜಿ ಅವನ್ನು ಕಡಿಸಲಿಲ್ಲ. "ಇರ್ಲಿ ಬಿಡಮ್ಮ, ನಿಂತಿರ್ಲಿ" ಅಂದರು.

ಹೀಗೆ ನನ್ನ ತಲೆಯಲ್ಲಿ ಎರಡು ಡ್ಯಾಂ. ತವರಿಗೆ ಫೋನ್ ಮಾಡಿದರೆ ಒಂದು ನಂಬರ್, ಮನೆಗೆ ಬಂದರೆ ಇನ್ನೊಂದು. ಇವೆರಡನ್ನೂ ಒಂದು ನಾಲೆ ಸೇರಿಸಲು ಹೊರಟಾಗ ನನ್ನ ಪಾಡು ಏನಾಗಿರಬೇಕು ಯೋಚಿಸಿ. ಅದಕ್ಕೆ ಆಮೇಲೆ ಬರುತ್ತೇನೆ.

2024ರ ಡಿಸೆಂಬರಿನಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಒಂದು ದಿನದ ಟೂರ್ ಕರೆದುಕೊಂಡು ಹೋದೆವು. ಚನ್ನಗಿರಿ ದಾರಿ, ಭದ್ರಾವತಿ, ಅಲ್ಲಿಂದ ಬಿಆರ್‌ಪಿ. ಬಿಆರ್‌ಪಿ ಅಂದರೆ ಭದ್ರಾ ರಿವರ್ ಪ್ರಾಜೆಕ್ಟ್. ಯೋಜನೆಯ ಹೆಸರೇ ಊರಿನ ಹೆಸರಾಗಿ, ಬಸ್ಸಿನ ಬೋರ್ಡಿಗೂ ಬಂದಿದೆ. ಇಷ್ಟು ವರ್ಷ ನಂಬರಾಗಿದ್ದ ಡ್ಯಾಮನ್ನು ನಾನೂ ಮೊದಲ ಸಲ ಹತ್ತಿರದಿಂದ ನೋಡಿದ್ದು ಅವತ್ತೇ. ಗೋಡೆ ಸುಮಾರು 59 ಮೀಟರ್ ಎತ್ತರ. ಫೋಟೋದಲ್ಲಿ ಗೊತ್ತಾಗುವುದಿಲ್ಲ. ಬುಡದ ಕಡೆಯಿಂದ ತಲೆ ಎತ್ತಿ ನೋಡಿದರೆ ಕುತ್ತಿಗೆ ನೋಯುತ್ತದೆ.

ಮಕ್ಕಳಿಗೆ ನಾನು ಹೇಳಿದ್ದು ಇಷ್ಟು. ಇಂಥ ಕಲ್ಲಿನ ಗೋಡೆಗೆ ಗ್ರಾವಿಟಿ ಡ್ಯಾಂ ಅಂತಾರೆ. ಅದು ನೀರನ್ನು ತಡೆಯೋದು ತನ್ನ ಭಾರದಿಂದಲೇ. ಮೇಲೆ ಸಣ್ಣ, ಕೆಳಗೆ ದಪ್ಪ. ಯಾಕೆ ಅಂದರೆ ನೀರು ಆಳಕ್ಕೆ ಹೋದಷ್ಟೂ ಜಾಸ್ತಿ ತಳ್ಳುತ್ತದೆ. ಒಂದು ಮೀಟರ್ ಆಳಕ್ಕೆ ಚದರ ಮೀಟರಿಗೆ ಒಂದು ಟನ್. 40 ಮೀಟರ್ ಆಳದಲ್ಲಿ 40 ಟನ್. ಒಂದು ಟೇಬಲ್ಲಿನಷ್ಟು ಜಾಗಕ್ಕೆ ಲೋಡಾದ ದೊಡ್ಡ ಲಾರಿಗಿಂತ ಜಾಸ್ತಿ ಭಾರ ಅಡ್ಡಡ್ಡ ಒತ್ತುತ್ತಾ ಇರುತ್ತದೆ, ಹಗಲೂ ರಾತ್ರಿ.

ಹಿಂದಿನ ಸೀಟಿನ ಹುಡುಗ ಒಬ್ಬ, ಪರೀಕ್ಷೆಯಲ್ಲಿ ಎಂದೂ ಇಪ್ಪತ್ತು ದಾಟದವನು, ಕೇಳಿದ: "ಮಿಸ್, ಹಿಂದೆ ಅಷ್ಟು ದೂರ ನೀರೈತೆ. ಅದೆಲ್ಲ ಸೇರಿ ತಳ್ಳಲ್ವಾ?" ಇದಕ್ಕಿಂತ ಒಳ್ಳೆ ಪ್ರಶ್ನೆ ನನಗೆ ಯಾರೂ ಕೇಳಿಲ್ಲ. ಇಲ್ಲ, ತಳ್ಳಲ್ಲ. ಹಿಂದೆ ನೀರು ಹತ್ತು ಅಡಿ ಇರಲಿ, ಹತ್ತು ಮೈಲಿ ಇರಲಿ, ಗೋಡೆಗೆ ಗೊತ್ತಾಗೋದು ಆಳ ಮಾತ್ರ. ಹುಡುಗ ನಂಬಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನೂ ಕಾಲೇಜಿನಲ್ಲಿ ಇದನ್ನು ನಂಬಿರಲಿಲ್ಲ, ಬಾಯಿಪಾಠ ಮಾಡಿದ್ದೆ.

ಇನ್ನೊಬ್ಬಳು ಡ್ಯಾಂ ಸೋರುತ್ತಾ ಅಂದಳು. ಸೋರದ ಡ್ಯಾಂ ಇಲ್ಲ. ಗೋಡೆಯ ಬುಡಕ್ಕೆ ಇಳಿದ ನೀರು ಇಡೀ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಲು ನೋಡುತ್ತದೆ. ಅದಕ್ಕೇ ಗೋಡೆಯ ಒಳಗೇ ಸುರಂಗದಂಥ ಓಣಿ ಬಿಟ್ಟು, ಸೋರಿದ್ದನ್ನು ಅಲ್ಲಿಗೆ ಹರಿಸಿ, ಅಳೆದು, ಹೊರಗೆ ಹಾಕುತ್ತಾರೆ. "ಮಾಳಿಗೆ ಮನೇಲಿ ಸೋರೋ ಕಡೆ ಪಾತ್ರೆ ಇಡ್ತೀವಲ್ಲ, ಹಂಗೆ" ಅಂದಳು. ಹಂಗೇ.

ಪವರ್‌ಹೌಸ್ ಒಳಗೆ ಬಿಡಲಿಲ್ಲ. ಹೊರಗಿಂದಲೇ ತೋರಿಸಿದೆ. ಭದ್ರಾದಲ್ಲಿ ಕರೆಂಟ್ ತೆಗೆಯೋದು ಒಂದೇ ಕಡೆ ಅಲ್ಲ. ನದಿಗೆ ಬಿಡೋ ನೀರಿನ ಮೇಲೆ 12 ಮೆಗಾವ್ಯಾಟಿನ ಎರಡು ಯಂತ್ರ, ಬಲದಂಡೆ ನಾಲೆಯ ಮೇಲೆ ಎರಡು, ಎಡದಂಡೆ ಮೇಲೆ 2 ಮೆಗಾವ್ಯಾಟಿನದು ಒಂದು. ಎಲ್ಲ ಸೇರಿ 39.2 ಮೆಗಾವ್ಯಾಟ್. ಶರಾವತಿಯ ದೊಡ್ಡ ಪವರ್‌ಹೌಸ್ ಒಂದೇ 1,035. ಹಾಗಾಗಿ ಕರೆಂಟಿನ ಲೆಕ್ಕದಲ್ಲಿ ಭದ್ರಾ ಬಡವ. ಅದನ್ನು ಕಟ್ಟಿದ್ದೇ ಹೊಲಕ್ಕೆ. ಹೊಲಕ್ಕೆ ಹೋಗೋ ನೀರು ಹೇಗೂ ಇಳಿಯಬೇಕಲ್ಲ, ಇಳಿಯುವಾಗ ಒಂದು ಚಕ್ರ ತಿರುಗಿಸಿ ಹೋಗಲಿ ಅಂತ.

ಬಲದಂಡೆ ನಾಲೆ ಹೊರಡುವ ಜಾಗದಲ್ಲಿ ನಿಂತಾಗ ನನಗೆ ಮಾವನ ಮಜ್ಜಿಗೆ ನೆನಪಾಯಿತು. ಅವತ್ತು ರಾತ್ರಿ ಊರಿಗೇ ಹೋದೆ. ಕ್ಯಾಲೆಂಡರಿನ ನವೆಂಬರ್ ಹಾಳೆ ತಿರುಗಿಸಿ, ಹಿಂಭಾಗದಲ್ಲಿ ಲೆಕ್ಕ ಹಾಕಲು ಕೂತೆ. ಮಾವ ಎದುರಿಗೆ ಕೂತರು. ನನ್ನ ಉದ್ದೇಶ ಅವರ ತಪ್ಪು ತೋರಿಸೋದೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್. ಹತ್ತಿರ ಹತ್ತಿರ ಎರಡು ಬಿಂದಿಗೆ. ಅದು 40 ಮೀಟರ್ ಬಿತ್ತು ಅಂತ ಇಟ್ಟುಕೊಳ್ಳಿ. 28 ಇಂಟು 9.8 ಇಂಟು 40, ಸುಮಾರು 11 ಕಿಲೋವ್ಯಾಟ್. ಯಂತ್ರದ ನಷ್ಟ ಕಳೆದರೂ ಒಂಬತ್ತಕ್ಕೆ ಮೋಸ ಇಲ್ಲ. ನಮ್ಮ 7.5 ಎಚ್‌ಪಿ ಮೋಟರ್ ಓಡಿಸಿ, ಮನೆಯ ಲೈಟು, ಫ್ಯಾನು, ಅತ್ತೆಯ ಮಿಕ್ಸಿಗೂ ಉಳಿಯುತ್ತದೆ. ಒಂದೇ ಕ್ಯೂಸೆಕ್ಕಿಗೆ! ಬಲದಂಡೆಯಲ್ಲಿ ಹರಿಯೋದು ಎರಡೂವರೆ ಸಾವಿರಕ್ಕಿಂತ ಜಾಸ್ತಿ.

"ನೋಡಿದ್ಯಾ, ಎಷ್ಟು ಸಾರ ತೆಗೀತಾರೆ" ಅಂದರು ಮಾವ, ಗೆದ್ದವರ ಹಾಗೆ.

ಇಲ್ಲ ಮಾವ, ಅದು ನೀರಿನ ಒಳಗಿದ್ದದ್ದಲ್ಲ ಅಂದೆ. ಯಂತ್ರ ಇಲ್ಲದೇ ಸುಮ್ನೆ ಅಷ್ಟೆತ್ತರದಿಂದ ಬಿದ್ದಿದ್ದರೆ ಆ ಶಕ್ತಿ ಸದ್ದಾಗಿ, ನೊರೆಯಾಗಿ, ಕೊನೆಗೆ ನೀರನ್ನು ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಬಿಸಿ ಮಾಡಿ ಮುಗಿಯುತ್ತಿತ್ತು. ಭತ್ತಕ್ಕೆ ಅದರಿಂದ ಏನೂ ಇಲ್ಲ. ನೀರಿನಲ್ಲಿದ್ದ ಉಪ್ಪು, ಮಣ್ಣು, ಸತ್ವ ಎಲ್ಲ ಹಾಗೇ ಇರುತ್ತದೆ.

"ಮತ್ತೆ ತೆಗೆದದ್ದು ಏನು?"

ಎತ್ತರ ಅಂದೆ. ಅಂದ ಮೇಲೆ ಪೆನ್ಸಿಲ್ ಹಿಡಿದುಕೊಂಡು ಸುಮ್ಮನಾದೆ. ಯಾಕೆಂದರೆ ಆ ಮನೆಯಲ್ಲಿ ಎತ್ತರ ಅನ್ನೋದು ಸಣ್ಣ ಮಾತಲ್ಲ.

ನಮ್ಮದು ಮೂರು ಎಕರೆ. ಅದರಲ್ಲಿ ಒಂದು ಮಡಿ ಉಳಿದವಕ್ಕಿಂತ ಗೇಣುದ್ದ ಎತ್ತರ. ಒಂದು ಗೇಣು, ಅಷ್ಟೇ. ಮೇಲ್ಭಾಗದವರಿಗೆ ಇದು ವಿಷಯವೇ ಅಲ್ಲ. ಅಲ್ಲಿ ನಾಲೆ ತುಂಬಿ ಹರಿಯುತ್ತದೆ, ತೂಬು ಎತ್ತಿದರೆ ಸಾಕು. ನಮ್ಮ ಹತ್ತಿರ ಬರೋ ಹೊತ್ತಿಗೆ ಅದೇ ನೀರು ಹಾವು ಹರಿದ ಹಾಗೆ ತಳ ಸವರಿಕೊಂಡು ಬರುತ್ತದೆ.

2023ರಲ್ಲಿ ಮಳೆ ಕೈಕೊಟ್ಟಿತು. ಡ್ಯಾಂ ತುಂಬಲಿಲ್ಲ. ನಾಲೆಗೆ ಆನ್ ಅಂಡ್ ಆಫ್ ಅಂದರು, ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಲಿಸೋದು. ಮೇಲ್ಭಾಗಕ್ಕೆ ಆನ್ ಅಂದರೆ ಆನ್. ನಮಗೆ ಬರೋಷ್ಟರಲ್ಲಿ ಆಫ್ ಆಗಿರುತ್ತದೆ. ನಡುವೆ ಯಾರ್ಯಾರೋ ರಾತ್ರಿ ನಾಲೆಗೆ ಮೋಟರ್ ಇಳಿಸಿರುತ್ತಾರೆ. ಅಡಿಕೆ ತೋಟ ಒಣಗುವಾಗ ಅವರಾದರೂ ಏನು ಮಾಡ್ತಾರೆ ಅಂತ ಹಗಲಲ್ಲಿ ಅನ್ನಿಸುತ್ತದೆ. ರಾತ್ರಿ ಅನ್ನಿಸುವುದಿಲ್ಲ.

ಆ ಸಲ ಒಂದು ರಾತ್ರಿ ನಾನೂ ಮಾವನ ಜೊತೆ ನಾಲೆ ಏರಿ ಮೇಲೆ ಕೂತಿದ್ದೆ. ನಮ್ಮನೆಯವರು ಡ್ಯೂಟಿ ಮೇಲೆ ಊರಲ್ಲಿರಲಿಲ್ಲ. ಎರಡು ಗಂಟೆ ದಾಟಿತ್ತು. ಮೊದಲು ಬಂದದ್ದು ಸದ್ದು. ಒಣಗಿದ ಎಲೆ ಮೇಲೆ ಯಾರೋ ಕಾಲೆಳೆದುಕೊಂಡು ನಡೆದ ಹಾಗೆ. ಮಾವ ಟಾರ್ಚ್ ಬಿಟ್ಟರು. ನೀರಿನ ಮೂತಿ ಕಾಣಿಸಿತು. ಮುಂದೆ ಬಿಳೀ ನೊರೆ, ನೊರೆ ಮುಂದೆ ಒಂದು ಹವಾಯಿ ಚಪ್ಪಲಿ, ಎರಡು ಬಾಟಲಿ, ಗುಟ್ಕಾ ಪ್ಯಾಕೆಟ್, ಒಣ ಹುಲ್ಲು. ಬಿರುಕು ಬಿಟ್ಟ ತಳದ ಮಣ್ಣು ನೀರು ಕುಡಿದು ಚುಯ್ ಅನ್ನುತ್ತಿತ್ತು. ಎಲ್ಲಿದ್ದವೋ, ಕಪ್ಪೆಗಳು ಶುರು ಮಾಡಿದವು. ನಮ್ಮ ತೂಬಿನ ಮುಂದೆ ಮಾವ ಒಂದು ಗೂಟ ನೆಟ್ಟಿದ್ದಾರೆ. ಅದರ ಮೇಲೆ ಕುಡುಗೋಲಿನಿಂದ ಗೀರಿದ ಮೂರು ಗೆರೆ. ಮೊದಲ ಗೆರೆಗೆ ಬಂದರೆ ತಗ್ಗಿನ ಮಡಿಗೆ, ಎರಡಕ್ಕೆ ಬಂದರೆ ನಡುವಿನದಕ್ಕೆ, ಮೂರನೆಯದಕ್ಕೆ ಬಂದರೆ ಎತ್ತರದ ಮಡಿಗೆ. ಮಾವ ಟಾರ್ಚನ್ನು ಗೂಟದ ಮೇಲಿಂದ ಕದಲಿಸಲೇ ಇಲ್ಲ. ನೀರು ಎರಡನೇ ಗೆರೆ ಮುಟ್ಟಿತು. ಮೂರಕ್ಕೆ ಎರಡು ಬೆರಳು ಬಾಕಿ ಇರುವಾಗ ನಿಂತಿತು. ಬೆಳಗಿನ ಜಾವ ಇಳಿಯಲು ಶುರುವಾಯಿತು.

ಆ ಎರಡು ಬೆರಳು ನೋಡಿದವಳು ನಾನು. ಲಕ್ಕವಳ್ಳಿಯಲ್ಲಿ ನೂರಕ್ಕೂ ಹೆಚ್ಚು ಅಡಿ ಎತ್ತರಕ್ಕೆ ನಿಂತ ನೀರು ನಮ್ಮ ಊರಿಗೆ ಬಂದು ಎರಡು ಬೆರಳಿಗೆ ಸೋತಿತ್ತು.

ಅದಕ್ಕೇ ಕ್ಯಾಲೆಂಡರ್ ಮುಂದೆ ಸುಮ್ಮನಾದದ್ದು. ನಾಲೆ ನೀರಿಗೂ ಕರೆಂಟಿಗೂ ಬೇಕಾದ್ದು ಒಂದೇ, ಎತ್ತರ. ಪವರ್‌ಹೌಸಿನವರಿಗೆ ನೀರು ಎಷ್ಟು ಕೆಳಗೆ ಬಿದ್ದರೆ ಅಷ್ಟು ಲಾಭ. ನಾಲೆಗೆ ಆಗಲ್ಲ. ನಾಲೆ ನದಿಯ ತಳಕ್ಕೆ ಇಳಿದುಬಿಟ್ಟರೆ ಆಮೇಲೆ ಯಾವ ಹೊಲಕ್ಕೂ ಹತ್ತುವುದಿಲ್ಲ. ಆದ್ದರಿಂದ ನಾಲೆಯನ್ನು ಮೇಲಿನಿಂದಲೇ ತಪ್ಪಿಸಿ, ಗುಡ್ಡದ ಪಕ್ಕೆ ಹಿಡಿದು, ಜಿಪುಣ ದುಡ್ಡು ಖರ್ಚು ಮಾಡಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಿಕೊಂಡು ದಾವಣಗೆರೆ ತನಕ ತರುತ್ತಾರೆ. ನಾಲೆ ಮೇಲಿನ ಯಂತ್ರ ತೆಗೆದುಕೊಳ್ಳೋದು ಜಲಾಶಯಕ್ಕೂ ನಾಲೆಗೂ ನಡುವಿನ ಇಳಿತವನ್ನಷ್ಟೇ. ಅದರಿಂದ ನಮ್ಮ ಎರಡು ಬೆರಳು ಹೋಗಿಲ್ಲ. ಅದು ಹೋಗಿದ್ದು ದಾರಿಯಲ್ಲಿ, ಹೂಳಿಗೆ, ಜೊಂಡಿಗೆ, ರಾತ್ರಿ ಮೋಟರಿಗೆ. ಆದರೂ ಮಾವ ಹೇಳಿದ್ದರಲ್ಲಿ ಏನೋ ಇದೆ. ನೀರು ನಮ್ಮಲ್ಲಿಗೆ ಬರುವಷ್ಟರಲ್ಲಿ ಏನನ್ನೋ ಕಳೆದುಕೊಂಡಿರುತ್ತದೆ. ಅದಕ್ಕೆ ಅವರು ಸಾರ ಅನ್ನುತ್ತಾರೆ, ನಾನು ಪೊಟೆನ್ಶಿಯಲ್ ಎನರ್ಜಿ ಅಂತ ಬೋರ್ಡ್ ಮೇಲೆ ಬರೆಯುತ್ತೇನೆ. ಐದು ಮಾರ್ಕಿನ ಪ್ರಶ್ನೆ.

ಇನ್ನು ಭದ್ರಾ ಮೇಲ್ದಂಡೆ. ಚಿತ್ರದುರ್ಗದವರು ಎಷ್ಟೋ ವರ್ಷ ಹೋರಾಡಿ ತರಿಸಿಕೊಂಡ ಯೋಜನೆ. ತುಂಗೆಯಿಂದ ಭದ್ರೆಗೆ 17.4 ಟಿಎಂಸಿ ತರೋದು, ಭದ್ರೆಯದ್ದು 12.5 ಸೇರಿಸಿ ಒಟ್ಟು 29.9 ಟಿಎಂಸಿಯನ್ನು ಬರದ ಸೀಮೆಗೆ ಕೊಡೋದು. ನಡುವೆ ಮಲೆನಾಡಿನ ಅಂಚಿನ ದಿನ್ನೆ ಇದೆ. ನೀರು ತಾನಾಗಿ ದಾಟಲ್ಲ. ಶಾಂತಿಪುರ, ಬೆಟ್ಟದತಾವರೆಕೆರೆ ಎರಡು ಕಡೆ ಪಂಪ್ ಇಟ್ಟು ಮೇಲೆತ್ತಿ, ಅಜ್ಜಂಪುರದ ಹತ್ತಿರ ಸುರಂಗದಲ್ಲಿ ತೂರಿಸಿ ಆಚೆಗೆ ಬಿಡಬೇಕು. 2019ರಲ್ಲಿ ಆ ನೀರು ಮೊದಲ ಸಲ ವಿವಿ ಸಾಗರಕ್ಕೆ ಬಂದಾಗ ಅಪ್ಪಾಜಿ ಫೋನಿನಲ್ಲಿ ಮಾತಾಡಲಾಗದೆ ಅಮ್ಮನಿಗೆ ಕೊಟ್ಟರು. ಇತ್ತ ಮಾವ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನೇನೋ ತವರಿಗೆ ಅಕ್ಕಿ ಮೂಟೆ ಸಾಗಿಸಿದ ಹಾಗೆ.

2022ರ ಸೆಪ್ಟೆಂಬರಿನಲ್ಲಿ ವಿವಿ ಸಾಗರ ಕೋಡಿ ಬಿತ್ತು. 89 ವರ್ಷದ ಮೇಲೆ. ಆಗ ಮಾವ ಬರಲಿಲ್ಲ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಈ ಸಲ ಅಪ್ಪಾಜಿ ನೇರ ಬೀಗರಿಗೇ ಫೋನ್ ಮಾಡಿ ಕರೆದರು. ಬೀಗರು ಕರೆದರೆ ಹೋಗದೆ ಇರೋದು ಹೇಗೆ? ಹೋದೆವು.

ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ ನೋಡಲು ಹೋದರೆ ಜಾತ್ರೆ. ಮೆಕ್ಕೆಜೋಳ ಸುಡೋರು, ಐಸ್‌ಕ್ರೀಂ ಗಾಡಿ, ಎಲ್ಲರ ಕೈಯಲ್ಲೂ ಮೊಬೈಲ್. ಅಪ್ಪಾಜಿ ಗೈಡ್ ಆಗಿಬಿಟ್ಟಿದ್ದರು. ಮಾವ ಅವರ ಮಾತು ಕೇಳಿಸಿಕೊಂಡರೋ ಇಲ್ಲವೋ. ಕೋಡಿ ನೀರು ಹರಿಯುವ ಕಡೆ ಪಂಚೆ ಎತ್ತಿಕಟ್ಟಿ ಇಳಿದು, ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರು. ಬೇಡ ಮಾವ, ಹಸಿ ನೀರು ಅಂದೆ. ಕೇಳಲಿಲ್ಲ.

"ಇಲ್ಲಿ ಕರೆಂಟ್ ತೆಗೀತಾರೇನವ್ವಾ?"

"ಇಲ್ಲ ಮಾವ."

"ಅದಕ್ಕೇ ರುಚಿ ಐತಿ."

ಅಪ್ಪಾಜಿ ನಕ್ಕರು. "ಅದ್ರಾಗೆ ನಿಮ್ಮ ಭದ್ರಾ ನೀರೂ ಐತೆ ಬೀಗರೇ. ಕರೆಂಟಲ್ಲಿ ಎತ್ತಿ ಎತ್ತಿ ಕಳಿಸ್ಯವ್ರೆ."

ಮಾವ ಬಾಯಲ್ಲಿದ್ದ ನೀರನ್ನು ಅಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಉಗುಳುತ್ತಾರೇನೋ ಅಂದುಕೊಂಡೆ. ನುಂಗಿದರು.

"ಅಲ್ಲಿ ತೆಗೆದದ್ದನ್ನ ಇಲ್ಲಿ ವಾಪಸ್ ಹಾಕ್ಯಾರೆ ಅನ್ನು" ಅಂದರು ನನಗೆ.

ಹತ್ತೊಂಬತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಇಷ್ಟು ಚೆನ್ನಾಗಿ ನಾನು ಒಂದು ಸಲವೂ ಹೇಳಿಲ್ಲ.

ವಾಪಸ್ ಬರುವಾಗ ಕಾರಿನ ಸೀಟಿನ ಕೆಳಗೆ ಒಂದು ಲೀಟರಿನ ಬಾಟಲಿ ಉರುಳಾಡುತ್ತಿತ್ತು, ವಿವಿ ಸಾಗರದ ನೀರು. ದೇವರ ಮನೆಗೆ ಇರಬೇಕು ಅಂದುಕೊಂಡೆ. ಮರುದಿನ ಬೆಳಗ್ಗೆ ಕಾಫಿ ಕುಡಿಯದೇ ಗದ್ದೆಗೆ ಹೋದರು. ನಾನೂ ಹಿಂದೆ ಹೋದೆ. ಬೇಸಿಗೆ ಬೆಳೆಗೆ ಇನ್ನೂ ನಾಟಿ ಆಗಿರಲಿಲ್ಲ. ಮಾವ ಎತ್ತರದ ಮಡಿಯ ನಡುವೆ ನಿಂತು, ಬಾಟಲಿ ಮುಚ್ಚಳ ತೆಗೆದು ಪೂರ್ತಿ ಸುರಿದರು.

"ಒಂದು ಲೀಟರ್ ಆದ್ರೂ ಹತ್ತಿತು ನೋಡು" ಅಂದರು. ಬಾಟಲಿ ಬಿಸಾಕಲಿಲ್ಲ. ಎಣ್ಣೆ ತರೋದಕ್ಕೆ ಆಗುತ್ತೆ ಅಂತ ಮನೆಗೆ ತಂದರು.